ಓಡುವ ವಾಹನಗಳ ನಡುವಿನ ನಿಸ್ತಂತು ಜಾಲ: ನಿಜವಾದ ತೊಡಕು ವೇಗವೋ, ದಟ್ಟಣೆಯೋ?

ಸಂಶೋಧನಾರ್ಥಿ (ಮೂಲ ಪ್ರಶ್ನೆ)

ವಾಹನಗಳು ಒಂದರೊಡನೊಂದು ನೇರವಾಗಿ ಸಂದೇಶ ಹಂಚಿಕೊಳ್ಳುವ ನಿಸ್ತಂತು ಜಾಲಗಳ ಕುರಿತು ಸ್ನಾತಕೋತ್ತರ ಪ್ರಬಂಧ ಬರೆಯಲು ತೊಡಗಿದ್ದೇನೆ. ಓದಿದ ಸಮೀಕ್ಷಾ ಲೇಖನಗಳೆಲ್ಲ ಹೆಚ್ಚುಕಡಿಮೆ ಒಂದೇ ಪಟ್ಟಿಯನ್ನು ಮುಂದಿಡುತ್ತವೆ: ವೇಗ, ಕ್ಷಣಕ್ಷಣಕ್ಕೂ ಬದಲಾಗುವ ಜಾಲದ ರಚನೆ, ವಿಳಂಬ, ಭದ್ರತೆ, ಖಾಸಗಿತನ. ಪಟ್ಟಿಯನ್ನು ಬಾಯಿಪಾಠ ಮಾಡಬಹುದು. ಆದರೆ ಇವುಗಳಲ್ಲಿ ಯಾವುದು ಮೂಲ, ಯಾವುದು ಅದರ ಪರಿಣಾಮ, ಯಾವುದಕ್ಕೆ ಈಗಾಗಲೇ ತಕ್ಕಮಟ್ಟಿನ ಪರಿಹಾರ ಸಿಕ್ಕಿದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ನನ್ನ ಅನುಮಾನಗಳು ಎರಡು. ಗಂಟೆಗೆ 300 ಕಿ.ಮೀ. ವೇಗದಲ್ಲಿ ಓಡುವ ರೈಲಿನಲ್ಲಿ ಕುಳಿತವರ ಮೊಬೈಲಿಗೂ ಸಂಪರ್ಕ ಸಿಗುವಾಗ, ಅದರ ಅರ್ಧದಷ್ಟು ವೇಗವೂ ಇಲ್ಲದ ಕಾರುಗಳ ನಡುವೆ ವೇಗವನ್ನೇ ಮೊದಲ ತೊಡಕೆಂದು ಏಕೆ ಹೇಳುತ್ತಾರೆ? ಎರಡನೆಯದು, 5ಜಿ ಬಂದ ಮೇಲೆ ಈ ಸಮಸ್ಯೆಗಳಲ್ಲಿ ಎಷ್ಟು ಉಳಿಯುತ್ತವೆ? ಸದ್ಯಕ್ಕೆ ಹೊಸದೊಂದು ರೂಟಿಂಗ್ ಪ್ರೋಟೊಕಾಲ್ (ಸಂದೇಶ ವಾಹನದಿಂದ ವಾಹನಕ್ಕೆ ದಾಟುವ ಮಾರ್ಗವನ್ನು ಆರಿಸುವ ನಿಯಮಾವಳಿ) ರೂಪಿಸುವ ಯೋಚನೆಯಲ್ಲಿದ್ದೇನೆ. ಅದು ಸರಿಯಾದ ದಾರಿಯೇ ಎಂಬುದನ್ನೂ ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ತರಂಗ

ರೇಡಿಯೊ ಭಾಗದಲ್ಲಿ ಕೆಲಸ ಮಾಡುವವನಾಗಿ ಮೊದಲ ಅನುಮಾನಕ್ಕೆ ಉತ್ತರಿಸುತ್ತೇನೆ. ರೈಲಿಗೆ ಸಂಪರ್ಕ ಕೊಡುವ ಟವರ್ ಎತ್ತರದಲ್ಲಿ ಅಲುಗಾಡದೆ ನಿಂತಿರುತ್ತದೆ, ಅದರ ವಿದ್ಯುತ್ ಸಾಮರ್ಥ್ಯವೂ ದೊಡ್ಡದು. ಕಾರುಗಳ ನಡುವಿನ ಸಂಪರ್ಕದಲ್ಲಿ ಎರಡೂ ಆಂಟೆನಾಗಳು ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತವೆ, ಎರಡೂ ಚಲಿಸುತ್ತಿರುತ್ತವೆ, ತರಂಗಗಳನ್ನು ಪ್ರತಿಫಲಿಸುವ ಸುತ್ತಲಿನ ಲಾರಿ, ಬಸ್ಸುಗಳೂ ಚಲಿಸುತ್ತಿರುತ್ತವೆ. ನಡುವೆ ಒಂದು ಲಾರಿ ಬಂದರೆ ಸಾಕು, ಸಿಗ್ನಲ್ ಒಮ್ಮೆಲೇ ಕುಸಿಯುತ್ತದೆ.

ಡಾಪ್ಲರ್ ಲೆಕ್ಕವನ್ನು, ಎಂದರೆ ಚಲನೆಯಿಂದ ತರಂಗದ ಆವರ್ತನ ಎಷ್ಟು ಪಲ್ಲಟವಾಗುತ್ತದೆ ಎಂಬುದನ್ನು, ಒಮ್ಮೆ ಕೈಯಾರೆ ಮಾಡಿ ನೋಡಿ. ಈ ಸಂಪರ್ಕಕ್ಕೆ ಬಳಸುವ 5.9 ಗಿಗಾಹರ್ಟ್ಜ್‌ನಲ್ಲಿ ತರಂಗದ ಉದ್ದ ಸುಮಾರು 5 ಸೆಂ.ಮೀ. ಎದುರುಬದುರಾಗಿ ಬರುವ ಎರಡು ವಾಹನಗಳ ಸಾಪೇಕ್ಷ ವೇಗ ಗಂಟೆಗೆ 200 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 56 ಮೀಟರ್. ಆಗ ಆವರ್ತನದ ಪಲ್ಲಟ 1,100 ಹರ್ಟ್ಜ್‌ನ ಆಸುಪಾಸಿನಲ್ಲಿರುತ್ತದೆ, ಚಾನೆಲ್ಲಿನ, ಎಂದರೆ ತರಂಗ ಸಾಗುವ ದಾರಿಯ, ಗುಣ ಹೆಚ್ಚುಕಡಿಮೆ ಸ್ಥಿರವಾಗಿರುವ ಅವಧಿ ಸ್ಥೂಲವಾಗಿ 0.4 ಮಿಲಿಸೆಕೆಂಡ್ ಆಗುತ್ತದೆ. ಈಗ ಇದರ ಪಕ್ಕದಲ್ಲಿ ಸಂದೇಶದ ಅವಧಿಯನ್ನು ಇಟ್ಟು ನೋಡಬೇಕು. 300 ಬೈಟುಗಳ ಒಂದು ಪ್ಯಾಕೆಟ್ಟನ್ನು ಸೆಕೆಂಡಿಗೆ 6 ಮೆಗಾಬಿಟ್ ವೇಗದಲ್ಲಿ ಕಳುಹಿಸಲು 0.4 ಮಿಲಿಸೆಕೆಂಡ್ ಬೇಕು. ರಿಸೀವರ್ ಪ್ಯಾಕೆಟ್ಟಿನ ಮೊದಲ ತುಣುಕನ್ನು ನೋಡಿ ಚಾನೆಲ್ಲನ್ನು ಅಂದಾಜು ಮಾಡಿಕೊಳ್ಳುತ್ತದೆ; ಪ್ಯಾಕೆಟ್ಟಿನ ಕೊನೆ ಬರುವ ಹೊತ್ತಿಗೆ ಆ ಅಂದಾಜು ಹಳತಾಗಿರುತ್ತದೆ.

ವಾಹನಗಳ ನೇರ ಸಂಪರ್ಕಕ್ಕಾಗಿ 2010ರಲ್ಲಿ ಅಂಗೀಕಾರವಾದ ಐಇಇಇ 802.11ಪಿ ಮಾನದಂಡವನ್ನು ಒಳಾಂಗಣದ ವೈಫೈಗಾಗಿ ರೂಪುಗೊಂಡಿದ್ದ 802.11ಎ ವಿನ್ಯಾಸದಿಂದಲೇ ಪಡೆಯಲಾಯಿತು. ಚಾನೆಲ್ಲಿನ ಅಗಲವನ್ನು 20ರಿಂದ 10 ಮೆಗಾಹರ್ಟ್ಜ್‌ಗೆ ಇಳಿಸಿದ್ದರಿಂದ ಪ್ರತಿ ಸಂಕೇತದ ಅವಧಿ 4ರಿಂದ 8 ಮೈಕ್ರೋಸೆಕೆಂಡಿಗೂ, ಪ್ರತಿಧ್ವನಿಗಳಿಂದ ಕಾಪಾಡುವ ಬಿಡುವು 0.8ರಿಂದ 1.6 ಮೈಕ್ರೋಸೆಕೆಂಡಿಗೂ ಏರಿತು. ತಡವಾಗಿ ಬರುವ ಬಯಲಿನ ಪ್ರತಿಫಲನಗಳಿಗೆ ಇದು ಒಳ್ಳೆಯ ಮದ್ದು. ಆದರೆ ಅದೇ ಕಾರಣಕ್ಕೆ ಪ್ಯಾಕೆಟ್ಟಿನ ಅವಧಿ ಇಮ್ಮಡಿಯಾಗಿ, ಅಂದಾಜು ಹಳತಾಗುವ ತೊಂದರೆ ಹೆಚ್ಚಿತು. ಬಿಡಿಸಿದ ದತ್ತಾಂಶವನ್ನೇ ಬಳಸಿಕೊಂಡು ನಡುನಡುವೆ ಅಂದಾಜನ್ನು ತಿದ್ದಿಕೊಳ್ಳುವ ರಿಸೀವರ್‌ಗಳು ಈ ತೊಂದರೆಯನ್ನು ಬಹುಮಟ್ಟಿಗೆ ನಿಭಾಯಿಸುತ್ತವೆ. ಆದ್ದರಿಂದ, ವೇಗ ಒಂದು ಎಂಜಿನಿಯರಿಂಗ್ ಸವಾಲು ನಿಜ, ಆದರೆ ಈ ಕ್ಷೇತ್ರವನ್ನು ಹಿಡಿದು ನಿಲ್ಲಿಸಿರುವುದು ಅದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಜಾಲಗಾರ

ತರಂಗ ಅವರ ಕೊನೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ಹಿಡಿದು ನಿಲ್ಲಿಸಿರುವುದು ಚಾನೆಲ್ಲಿನ ದಟ್ಟಣೆ, ಮತ್ತು ದಟ್ಟಣೆಯಲ್ಲಿ ಯಾರ ಮಾತು ಯಾರಿಗೆ ತಲುಪಿತು ಎಂದು ಯಾರಿಗೂ ತಿಳಿಯದಿರುವುದು.

ಅವರ ಲೆಕ್ಕವನ್ನೇ ಮುಂದುವರಿಸೋಣ. 0.4 ಮಿಲಿಸೆಕೆಂಡಿನ ಸಂದೇಶಕ್ಕೆ ಮೊದಲ ತುಣುಕನ್ನೂ ನಡುವಿನ ಬಿಡುವನ್ನೂ ಸೇರಿಸಿದರೆ ಅರ್ಧ ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಬಹುದು. ಪ್ರತಿ ವಾಹನವೂ ತನ್ನ ಸ್ಥಾನ, ವೇಗ, ದಿಕ್ಕುಗಳನ್ನು ಸೆಕೆಂಡಿಗೆ 10 ಬಾರಿ ಸಾರಬೇಕೆಂದರೆ, ಒಂದರ ದನಿ ಇನ್ನೊಂದಕ್ಕೆ ಕೇಳಿಸುವಷ್ಟು ಹತ್ತಿರದಲ್ಲಿ 200 ವಾಹನಗಳಿದ್ದರೆ ಸೆಕೆಂಡಿಗೆ 2,000 ಸಂದೇಶಗಳಾಗುತ್ತವೆ. ಅಷ್ಟನ್ನು ಒಂದರ ಹಿಂದೊಂದು ಒಂದಿಷ್ಟೂ ಜಾಗ ಬಿಡದೆ ಜೋಡಿಸಿದರೂ ಇಡೀ ಸೆಕೆಂಡು ತುಂಬಿಹೋಗುತ್ತದೆ. ಎರಡೂ ದಿಕ್ಕಿಗೆ ನಾಲ್ಕು ನಾಲ್ಕು ಪಥಗಳಿರುವ ಹೆದ್ದಾರಿಯಲ್ಲಿ ಕೆಲವು ನೂರು ಮೀಟರಿನೊಳಗೆ 200 ವಾಹನಗಳು ಸೇರುವುದು ಅಪರೂಪವಲ್ಲ. ಸರದಿಯನ್ನು ನಿರ್ಧರಿಸುವ ಕೇಂದ್ರ ಯಾವುದೂ ಇಲ್ಲದಿರುವಾಗ ಚಾನೆಲ್ ಪೂರ್ತಿ ತುಂಬುವುದಕ್ಕೆ ಬಹಳ ಮೊದಲೇ ಸಂದೇಶಗಳು ಡಿಕ್ಕಿ ಹೊಡೆಯಲು ತೊಡಗುತ್ತವೆ.

ಮನೆಯ ವೈಫೈಯಲ್ಲಿ ಡಿಕ್ಕಿಯಾದರೆ ತಲುಪಿದ ಬಗ್ಗೆ ಮರುತ್ತರ ಬರುವುದಿಲ್ಲ. ಕಳುಹಿಸಿದ ಯಂತ್ರ ಹೆಚ್ಚು ಹೊತ್ತು ಕಾದು ಮತ್ತೆ ಕಳುಹಿಸುತ್ತದೆ. ಎಲ್ಲರಿಗೂ ಒಮ್ಮೆಗೇ ಸಾರುವ ಸಂದೇಶಕ್ಕೆ ಮರುತ್ತರವೆಂಬುದೇ ಇಲ್ಲ. 200 ವಾಹನಗಳು ಒಂದೊಂದು ಸಂದೇಶಕ್ಕೂ "ತಲುಪಿತು" ಎಂದು ಹೇಳತೊಡಗಿದರೆ ಅದೇ ಚಾನೆಲ್ಲನ್ನು ಮುಳುಗಿಸುತ್ತದೆ. ಹೀಗಾಗಿ ಕಳುಹಿಸಿದ ವಾಹನಕ್ಕೆ ನಷ್ಟ ಗೊತ್ತಾಗುವುದಿಲ್ಲ, ಗೊತ್ತಾಗದ್ದರಿಂದ ಅದು ಕಾಯುವ ಅವಧಿಯನ್ನು ಹಿಗ್ಗಿಸುವುದೂ ಇಲ್ಲ. ಇದಕ್ಕೆ ಮರೆಯಲ್ಲಿರುವ ಕಳುಹಿಸುಗನ ಸಮಸ್ಯೆಯನ್ನು ಸೇರಿಸಿ: ನನ್ನ ಮುಂದೆ 400 ಮೀಟರ್ ದೂರದಲ್ಲಿ ಒಂದು, ಹಿಂದೆ 400 ಮೀಟರ್ ದೂರದಲ್ಲಿ ಇನ್ನೊಂದು ವಾಹನವಿದೆ, ಅವೆರಡಕ್ಕೂ ಒಂದರ ದನಿ ಇನ್ನೊಂದಕ್ಕೆ ಕೇಳಿಸದು, ಚಾನೆಲ್ ಬಿಡುವಾಗಿದೆಯೆಂದು ಎರಡೂ ನಂಬುತ್ತವೆ, ಒಟ್ಟಿಗೆ ಕಳುಹಿಸುತ್ತವೆ, ನಡುವೆ ಇರುವ ನನಗೆ ಎರಡೂ ಕಳೆದುಹೋಗುತ್ತವೆ.

ಇದಕ್ಕೆ ದಟ್ಟಣೆ ನಿಯಂತ್ರಣ ಎಂಬ ಉಪಾಯವಿದೆ. ಚಾನೆಲ್ ಎಷ್ಟು ಹೊತ್ತು ತುಂಬಿತ್ತು ಎಂದು ಪ್ರತಿ ವಾಹನವೂ ಅಳೆದು, ಸಂದೇಶಗಳ ಸಂಖ್ಯೆಯನ್ನೋ ಪ್ರಸಾರದ ಶಕ್ತಿಯನ್ನೋ ತಗ್ಗಿಸಿಕೊಳ್ಳುತ್ತದೆ. ಯುರೋಪಿನ ಮಾನದಂಡದಲ್ಲಿ ಇನ್ನೊಂದು ಒಳ್ಳೆಯ ನಿಯಮವಿದೆ: ಕಳೆದ ಸಂದೇಶದ ನಂತರ ವಾಹನ 4 ಮೀಟರಿಗಿಂತ ಹೆಚ್ಚು ಸರಿದಿದ್ದರೆ, ದಿಕ್ಕು 4 ಡಿಗ್ರಿಗಿಂತ ಹೆಚ್ಚು ತಿರುಗಿದ್ದರೆ ಅಥವಾ ವೇಗ ಸೆಕೆಂಡಿಗೆ ಅರ್ಧ ಮೀಟರಿಗಿಂತ ಹೆಚ್ಚು ಬದಲಾಗಿದ್ದರೆ ಮಾತ್ರ ಹೊಸ ಸಂದೇಶ, ಇಲ್ಲವಾದರೆ ಸೆಕೆಂಡಿಗೆ ಒಂದು. ಗಂಟೆಗೆ 72 ಕಿ.ಮೀ. ವೇಗದಲ್ಲಿ ನೇರವಾಗಿ ಹೋಗುವ ವಾಹನ ಸೆಕೆಂಡಿಗೆ ಸುಮಾರು 5 ಸಂದೇಶ ಕಳುಹಿಸಿದರೆ, ಸಂಚಾರ ಸ್ಥಗಿತವಾದಾಗ ಒಂದನ್ನಷ್ಟೇ ಕಳುಹಿಸುತ್ತದೆ. ವಾಹನಗಳು ಒತ್ತಾಗಿ ನಿಂತಾಗ ಅವುಗಳ ಮಾತೂ ತಾನಾಗಿ ಕಡಿಮೆಯಾಗುತ್ತದೆ.

ಆದರೆ ಒಂದು ದಿಕ್ಕಿನ ಪಥಗಳು ಸ್ತಬ್ಧವಾಗಿ, ಎದುರು ದಿಕ್ಕಿನಲ್ಲಿ ವಾಹನಗಳು ಪೂರ್ಣ ವೇಗದಲ್ಲಿ ಸಾಗುತ್ತಿರುವ ಸಂದರ್ಭವನ್ನು ಯೋಚಿಸಿ. ಚಾನೆಲ್ಲಿನ ಹೆಚ್ಚಿನ ಭಾಗವನ್ನು ನಿಂತ ವಾಹನಗಳೇ ತುಂಬಿದ್ದರೂ, ದಟ್ಟಣೆ ನಿಯಂತ್ರಣ ಎಲ್ಲರನ್ನೂ ಸಮಾನವಾಗಿ ತಡೆದರೆ, ವೇಗವಾಗಿ ಹೋಗುತ್ತಿರುವ, ಎಲ್ಲಕ್ಕಿಂತ ಹೆಚ್ಚು ಬಾರಿ ಸಾರಬೇಕಾದ ವಾಹನವೂ ಮೌನವಾಗಬೇಕಾಗುತ್ತದೆ. ಸಮಾನ ಹಂಚಿಕೆ ಮತ್ತು ಅಪಾಯಕ್ಕೆ ತಕ್ಕ ಹಂಚಿಕೆ ಒಂದೇ ಅಲ್ಲ. ಮಾಡಬೇಕಾದ ಕೆಲಸ ಇನ್ನೂ ಬಹಳ ಉಳಿದಿರುವುದು ಇಲ್ಲಿಯೇ ಎಂದು ನಾನು ಭಾವಿಸುತ್ತೇನೆ.

ಪಥಿಕ

ಹಾಗಿದ್ದರೆ ಎಲ್ಲ ಸಂದೇಶಗಳನ್ನೂ ಮೊಬೈಲ್ ಟವರಿಗೆ ಕಳುಹಿಸಿ, ಅಲ್ಲಿಂದ ಬೇಕಾದವರಿಗೆ ತಲುಪಿಸಿದರೆ ಆಗದೇ? ಸರದಿ ನಿರ್ಧರಿಸಲು ಟವರ್ ಇದ್ದೇ ಇದೆಯಲ್ಲ.

ಜಾಲಗಾರ

ದೂರದ ಅಪಘಾತ, ರಸ್ತೆ ದುರಸ್ತಿ, ಮಂಜು ಮುಂತಾದ ಸುದ್ದಿಗೆ ಅದು ಸರಿಯಾದ ದಾರಿ. ಕೆಲವು ಸೆಕೆಂಡು ತಡವಾದರೂ ಅದರಿಂದ ಹಾನಿಯಿಲ್ಲ. ಕೂಡುರಸ್ತೆಯಲ್ಲಿ ಎದುರಾಗುವ ಎರಡು ವಾಹನಗಳಿಗೆ ಆ ದಾರಿ ಸಾಲದು. ಟವರಿನ ಹೊರೆ ಹೆಚ್ಚಿದಂತೆ ವಿಳಂಬ ಏರುಪೇರಾಗುತ್ತದೆ, ಸಂಪರ್ಕ ಸಿಗದ ಪ್ರದೇಶಗಳಿವೆ, ಎರಡು ವಾಹನಗಳು ಬೇರೆ ಬೇರೆ ಕಂಪನಿಗಳ ಜಾಲದಲ್ಲಿದ್ದರೆ ಸಂದೇಶ ಸುತ್ತುಬಳಸಿ ಬರಬೇಕು.

ಮೊಬೈಲ್ ಮಾನದಂಡಗಳನ್ನು ರೂಪಿಸುವ 3ಜಿಪಿಪಿ ಸಂಸ್ಥೆಯೂ ಇದನ್ನು ಅರಿತೇ 2017ರಲ್ಲಿ ಪೂರ್ಣಗೊಂಡ 14ನೇ ಆವೃತ್ತಿಯಲ್ಲಿ ವಾಹನಗಳು ಟವರಿನ ನೆರವಿಲ್ಲದೆ ನೇರವಾಗಿ ಮಾತಾಡುವ ವಿಧಾನವನ್ನು ಸೇರಿಸಿತು. ಅದರಲ್ಲಿ ಪ್ರತಿ ವಾಹನವೂ ಹಿಂದಿನ ಒಂದು ಸೆಕೆಂಡಿನಲ್ಲಿ ಯಾವ ಕಾಲಖಂಡಗಳು ಬಳಕೆಯಾದವು ಎಂದು ಗಮನಿಸಿ, ಬಿಡುವಾಗಿ ಕಂಡ ಖಂಡವೊಂದನ್ನು ಆರಿಸಿಕೊಂಡು, ಮುಂದಿನ ಹಲವು ಸಂದೇಶಗಳಿಗೂ ಅದನ್ನೇ ಉಳಿಸಿಕೊಳ್ಳುತ್ತದೆ. ಸಂದೇಶಗಳು ಕ್ರಮಬದ್ಧವಾಗಿರುವಾಗ ಇದು ಸೊಗಸಾಗಿ ನಡೆಯುತ್ತದೆ. ಆದರೆ ಎರಡು ವಾಹನಗಳು ಒಂದೇ ಖಂಡವನ್ನು ಆರಿಸಿಕೊಂಡುಬಿಟ್ಟರೆ ಡಿಕ್ಕಿ ಒಂದು ಸಲಕ್ಕೆ ಮುಗಿಯುವುದಿಲ್ಲ, ಖಂಡ ಬದಲಾಗುವವರೆಗೂ ಸತತವಾಗಿ ಮುಂದುವರಿಯುತ್ತದೆ. ಕಳುಹಿಸುತ್ತಿರುವಾಗ ಕೇಳಿಸಿಕೊಳ್ಳಲಾಗದ ರೇಡಿಯೊ ಆದ್ದರಿಂದ ಆ ಎರಡು ವಾಹನಗಳಿಗೆ ತಮ್ಮ ಡಿಕ್ಕಿ ಗೊತ್ತಾಗುವುದೂ ಇಲ್ಲ.

2020ರ 16ನೇ ಆವೃತ್ತಿಯಲ್ಲಿ 5ಜಿ ಆಧಾರದ ನೇರ ಸಂಪರ್ಕ ಬಂತು. ಗುಂಪಿಗೆ ಕಳುಹಿಸಿದ ಸಂದೇಶ ಕೈಗೆ ಸಿಗದ ವಾಹನ, ನಿಗದಿತ ದೂರದೊಳಗಿದ್ದರೆ, "ಸಿಗಲಿಲ್ಲ" ಎಂದಷ್ಟೇ ತಿಳಿಸುವ ಅನುಕೂಲ ಅದರಲ್ಲಿದೆ. ತಲುಪಿದವರು ಸುಮ್ಮನಿರುತ್ತಾರೆ, ತಲುಪದವರು ಮಾತ್ರ ಕೂಗುತ್ತಾರೆ. ಮರುತ್ತರದ ಹೊರೆಯನ್ನು ಇಳಿಸುವ ಒಳ್ಳೆಯ ಯೋಚನೆ ಇದು. ಆದರೂ ಸಂದೇಶವೊಂದು ಬಂದಿತ್ತೆಂಬುದೇ ಗೊತ್ತಾಗದ ವಾಹನ ಕೂಗುವುದಿಲ್ಲ. ಆದ್ದರಿಂದ ನಿಮ್ಮ ಎರಡನೆಯ ಅನುಮಾನಕ್ಕೆ ಉತ್ತರ: 5ಜಿ ತೊಡಕಿನ ರೂಪವನ್ನು ಬದಲಿಸಿದೆ, ತೊಡಕನ್ನು ತೆಗೆದಿಲ್ಲ.

ಪಥಿಕ

ವಿವರಣೆಗೆ ಧನ್ಯವಾದಗಳು. ಹಾಗಾದರೆ ತಂತ್ರಜ್ಞಾನಕ್ಕಿಂತ ದೊಡ್ಡ ತೊಡಕು ನೀತಿಯಲ್ಲಿದೆ ಎಂದು ನನಗೆ ತೋರುತ್ತದೆ. ಅಮೆರಿಕದ ಸಂವಹನ ಆಯೋಗ 1999ರಲ್ಲಿ 5.9 ಗಿಗಾಹರ್ಟ್ಜ್ ಪಟ್ಟಿಯಲ್ಲಿ 75 ಮೆಗಾಹರ್ಟ್ಜ್ ಅನ್ನು ಇದಕ್ಕಾಗಿ ಮೀಸಲಿಟ್ಟಿತು. 2020ರಲ್ಲಿ ಅದರಿಂದ 45 ಮೆಗಾಹರ್ಟ್ಜ್ ಅನ್ನು ವೈಫೈಯಂತಹ ಪರವಾನಗಿರಹಿತ ಬಳಕೆಗೆ ಬಿಟ್ಟು, ಉಳಿದ 30ರಲ್ಲಿ ಮೊಬೈಲ್ ಮೂಲದ ತಂತ್ರಕ್ಕೆ ಬದಲಾಗಬೇಕೆಂದು ನಿರ್ಧರಿಸಿತು. ಯುರೋಪು 2008ರಲ್ಲಿ 30 ಮೆಗಾಹರ್ಟ್ಜ್ ಕೊಟ್ಟಿತ್ತು. ಅಲ್ಲಿ 2019ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿನಲ್ಲಿ ಇದ್ದದ್ದು ವೈಫೈ ಮೂಲದ ತಂತ್ರ. ಚೀನಾ ಮೊಬೈಲ್ ಮೂಲದ ತಂತ್ರಕ್ಕೆ 20 ಮೆಗಾಹರ್ಟ್ಜ್ ಮೀಸಲಿಟ್ಟಿದೆ, ಜಪಾನು 700 ಮೆಗಾಹರ್ಟ್ಜ್ ಪಟ್ಟಿಯನ್ನು ಬಳಸುತ್ತದೆ. ಒಂದೇ ರಸ್ತೆಯಲ್ಲಿ ಅಕ್ಕಪಕ್ಕ ಹೋಗುವ ಎರಡು ಕಾರುಗಳಿಗೆ ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದಿದ್ದರೆ, ಡಾಪ್ಲರನ್ನು ಗೆದ್ದು ಫಲವೇನು?

ತರಂಗ

ನೀತಿಯ ಅನಿಶ್ಚಿತತೆ ಬಹಳ ಹಾನಿ ಮಾಡಿದೆ ಎಂಬುದನ್ನು ಒಪ್ಪುತ್ತೇನೆ, ಅದೇ ದೊಡ್ಡದು ಎಂಬುದನ್ನು ಒಪ್ಪಲಾರೆ. ಜಾಗ 75ರಿಂದ 30ಕ್ಕೆ ಇಳಿದಾಗ ನೋವಾದದ್ದು ದಟ್ಟಣೆಯ ಸಮಸ್ಯೆ ಬಗೆಹರಿದಿರಲಿಲ್ಲ ಎಂಬ ಕಾರಣಕ್ಕೇ. ಇನ್ನು ಎರಡು ತಂತ್ರಗಳ ಜಗಳ ಎಂದಾದರೂ ಒಂದು ನಿರ್ಧಾರದಿಂದ ಮುಗಿಯಬಹುದು, 200 ವಾಹನಗಳ ಲೆಕ್ಕ ಯಾವ ನಿರ್ಧಾರದಿಂದಲೂ ಬದಲಾಗದು.

ಭದ್ರಕೀಲಿ

ಭದ್ರತೆಯನ್ನು ಪಟ್ಟಿಯ ಬೇರೆ ಬಾಬತ್ತಾಗಿ ನೋಡುವ ಅಭ್ಯಾಸವನ್ನು ಇಲ್ಲಿ ಬಿಡಬೇಕೆಂದು ಕೇಳಿಕೊಳ್ಳುತ್ತೇನೆ. ಮೇಲೆ ಚರ್ಚೆಯಾದ ದಟ್ಟಣೆಗೂ ನಷ್ಟಕ್ಕೂ ಅದು ನೇರವಾಗಿ ಹೆಣೆದುಕೊಂಡಿದೆ.

"ಮುಂದೆ ತುರ್ತಾಗಿ ಬ್ರೇಕ್ ಹಾಕಿದ್ದೇನೆ" ಎಂಬ ಸಂದೇಶವನ್ನು ಯಾರು ಬೇಕಾದರೂ ಹುಟ್ಟಿಸುವಂತಿದ್ದರೆ ಇಡೀ ವ್ಯವಸ್ಥೆಯೇ ಅಪಾಯ. ಹಾಗಾಗಿ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಬೇಕು. ರೂಢಿಯಲ್ಲಿರುವ 256 ಬಿಟ್‌ಗಳ ದೀರ್ಘವೃತ್ತ ವಕ್ರರೇಖೆಯ ಸಹಿಗೆ 64 ಬೈಟು ಹಿಡಿಯುತ್ತದೆ, ಸಹಿಯನ್ನು ಪರಿಶೀಲಿಸಲು ಬೇಕಾದ ಪ್ರಮಾಣಪತ್ರ ಅದಕ್ಕಿಂತ ದೊಡ್ಡದು. ನಿಜವಾದ ಮಾಹಿತಿ ಕೆಲವೇ ಹತ್ತು ಬೈಟುಗಳಾಗಿದ್ದರೂ ಪ್ಯಾಕೆಟ್ ಮುನ್ನೂರು ಬೈಟಿನತ್ತ ಬೆಳೆಯುವುದಕ್ಕೆ ಮುಖ್ಯ ಕಾರಣ ಇದೇ. ಜಾಗ ಉಳಿಸಲೆಂದು ಯುರೋಪಿನ ವ್ಯವಸ್ಥೆಯಲ್ಲಿ ಪೂರ್ಣ ಪ್ರಮಾಣಪತ್ರವನ್ನು ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಮಾತ್ರ ಕಳುಹಿಸಿ, ಉಳಿದ ಸಂದೇಶಗಳಲ್ಲಿ ಅದರ 8 ಬೈಟುಗಳ ಗುರುತನ್ನಷ್ಟೇ ಇಡುತ್ತಾರೆ. ಇದರ ಬೆಲೆಯನ್ನು ಗಮನಿಸಿ: ಈಗಷ್ಟೇ ತಿರುವಿನಿಂದ ಹೊರಬಂದ ವಾಹನದ ಸಂದೇಶಗಳು ನನಗೆ ಕೇಳಿಸುತ್ತಿದ್ದರೂ, ಪ್ರಮಾಣಪತ್ರವಿರುವ ಆ ಒಂದು ಪ್ಯಾಕೆಟ್ ಕಳೆದುಹೋದರೆ, ನಾನು ಅವುಗಳಲ್ಲಿ ಯಾವುದನ್ನೂ ನಂಬಲಾರೆ. ಪ್ರಮಾಣಪತ್ರವನ್ನು ಕೇಳಿ ತರಿಸಿಕೊಳ್ಳುವ ಏರ್ಪಾಡಿದೆ, ಆದರೆ ಆ ಕೋರಿಕೆಯೂ ಅದೇ ದಟ್ಟಣೆಯ ಚಾನೆಲ್ಲಿನಲ್ಲಿಯೇ ಸಾಗಬೇಕು.

ಖಾಸಗಿತನದ ತೊಡಕು ಇದಕ್ಕಿಂತ ಸೂಕ್ಷ್ಮ. ಒಂದೇ ಪ್ರಮಾಣಪತ್ರವನ್ನು ಸದಾ ಬಳಸಿದರೆ, ರಸ್ತೆ ಬದಿಯಲ್ಲಿ ರಿಸೀವರ್ ಇಟ್ಟ ಯಾರಾದರೂ ಒಬ್ಬರ ಓಡಾಟವನ್ನೆಲ್ಲ ದಾಖಲಿಸಬಹುದು. ಅದಕ್ಕಾಗಿ ಹೆಸರು ಹೇಳದ ತಾತ್ಕಾಲಿಕ ಪ್ರಮಾಣಪತ್ರಗಳಿವೆ. ಅಮೆರಿಕದ ವಿನ್ಯಾಸದಲ್ಲಿ ಒಂದು ವಾಹನಕ್ಕೆ ವಾರಕ್ಕೆ 20. ಆದರೆ ಸೆಕೆಂಡಿಗೆ ಹತ್ತು ಬಾರಿ ಸ್ಥಾನ, ವೇಗಗಳನ್ನು ಸಾರುವ ವಾಹನ ನಡುವೆ ಗುರುತು ಬದಲಿಸಿದರೂ, ಹಿಂದಿನ ಪಥವನ್ನು ಮುಂದಕ್ಕೆ ಎಳೆದು ಅದೇ ವಾಹನವೆಂದು ಊಹಿಸುವುದು ಸುಲಭ. ಬದಲಿಸುವಾಗ ಕೆಲವು ಸೆಕೆಂಡು ಮೌನವಾಗಿದ್ದರೆ ಖಾಸಗಿತನ ಉಳಿಯುತ್ತದೆ, ಸುರಕ್ಷತೆ ಆ ಹೊತ್ತಿಗೆ ಇಲ್ಲವಾಗುತ್ತದೆ. ತಾತ್ಕಾಲಿಕ ಪ್ರಮಾಣಪತ್ರಗಳು ಹಲವು ಇದ್ದಷ್ಟೂ ಒಂದೇ ವಾಹನ ಹಲವು ವಾಹನಗಳಂತೆ ನಟಿಸಿ, ಇಲ್ಲದ ವಾಹನ ದಟ್ಟಣೆಯನ್ನು ತೋರಿಸುವ ಮೋಸಕ್ಕೂ ದಾರಿಯಾಗುತ್ತದೆ.

ಸಹಿ ಸರಿಯಿದೆ ಎಂದ ಮಾತ್ರಕ್ಕೆ ಮಾಹಿತಿ ಸರಿಯಿದೆ ಎಂದಾಗುವುದಿಲ್ಲ ಎಂಬುದನ್ನೂ ಮರೆಯಬಾರದು. ಜಿಪಿಎಸ್ ತಪ್ಪು ಪಥವನ್ನು ತೋರಿಸುತ್ತಿರುವ ಪ್ರಾಮಾಣಿಕ ವಾಹನ ತಪ್ಪು ಸ್ಥಾನಕ್ಕೇ ಸರಿಯಾದ ಸಹಿ ಹಾಕುತ್ತದೆ. ಎತ್ತರದ ಕಟ್ಟಡಗಳ ನಡುವೆ, ಸುರಂಗದಿಂದ ಹೊರಬರುವಾಗ ಇದು ಸಾಮಾನ್ಯ.

ಸಂಶೋಧನಾರ್ಥಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞ. ರೂಟಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ಆ ಮೌನವೇ ಉತ್ತರವೆಂದು ತಿಳಿಯಬೇಕೇ?

ಜಾಲಗಾರ

ಸ್ಪಷ್ಟವಾಗಿ ಹೇಳುತ್ತೇನೆ: ಇನ್ನೊಂದು ರೂಟಿಂಗ್ ಪ್ರೋಟೊಕಾಲ್ ಬೇಡ. ವಾಹನಗಳ ಡಿಕ್ಕಿ ತಪ್ಪಿಸುವ ಸಂದೇಶಗಳು ಒಂದೇ ಜಿಗಿತದಲ್ಲಿ, ನಡುವೆ ಬೇರೆ ವಾಹನ ದಾಟಿಸದೆ, ಸುತ್ತಲಿನವರನ್ನು ಮುಟ್ಟಬೇಕಾದವು, ಅವುಗಳಿಗೆ ಮಾರ್ಗದ ಅಗತ್ಯವೇ ಇಲ್ಲ. ಹಲವು ಜಿಗಿತಗಳು ಬೇಕಾದ ಕಡೆ, ಎಒಡಿವಿಯಂತೆ ಮೊದಲು ಮಾರ್ಗವನ್ನು ಹುಡುಕಿ ಆಮೇಲೆ ಕಳುಹಿಸುವ ವಿಧಾನಗಳು ಸೋಲುತ್ತವೆ. ಎರಡೂ ಕಡೆಯಿಂದ ಗಂಟೆಗೆ 120 ಕಿ.ಮೀ. ವೇಗದಲ್ಲಿ ಬರುವ, ವ್ಯಾಪ್ತಿ 300 ಮೀಟರ್ ಇರುವ ಎರಡು ವಾಹನಗಳು ಒಂದಕ್ಕೊಂದು ಕೇಳಿಸುವುದೇ ಒಟ್ಟು 9 ಸೆಕೆಂಡು. ಹುಡುಕಿದ ಮಾರ್ಗದ ಯಾವುದೋ ಒಂದು ಕೊಂಡಿ ಅಷ್ಟರಲ್ಲಿ ಕಡಿದಿರುತ್ತದೆ. ಮಾರ್ಗವನ್ನು ನೆನಪಿಡದೆ, ಗುರಿಗೆ ಹತ್ತಿರವಿರುವ ನೆರೆಯವನಿಗೆ ದಾಟಿಸುವ ಸ್ಥಾನಾಧಾರಿತ ವಿಧಾನಗಳು 2000ರಿಂದಲೇ ಇವೆ. ವಾಹನಗಳು ವಿರಳವಾಗಿರುವಾಗ ಸಂದೇಶವನ್ನು ಹೊತ್ತುಕೊಂಡು ಹೋಗಿ ಮುಂದೆ ಸಿಕ್ಕವರಿಗೆ ದಾಟಿಸುವ ವಿಧಾನಗಳೂ ಇವೆ. ಆ ಹೊಲವನ್ನು ಬಹಳ ಮಂದಿ ಉತ್ತಿದ್ದಾರೆ.

ಇನ್ನೊಂದು ದಿಕ್ಕು ನೋಡಿ. ಸಾಧನವಿರುವ ವಾಹನಗಳ ಪಾಲು ಶೇ. 10 ಇದ್ದಾಗ, ಎದುರಾಗುವ ಎರಡೂ ವಾಹನಗಳಲ್ಲಿ ಸಾಧನವಿರುವ ಸಾಧ್ಯತೆ ಶೇ. 1 ಮಾತ್ರ, ಪಾಲು ಅರ್ಧಕ್ಕೆ ಬಂದರೂ ಕಾಲು ಭಾಗದಷ್ಟು ಭೇಟಿಗಳಿಗಷ್ಟೇ ರಕ್ಷಣೆ. ಮೊದಲು ಕೊಂಡವರಿಗೆ ಲಾಭವೇ ಕಾಣದ ಈ ಸ್ಥಿತಿಯಿಂದ ಹೊರಬರಲು, ತನ್ನ ಕ್ಯಾಮೆರಾ ಮತ್ತು ರೇಡಾರ್ ಕಂಡ ಇತರ ವಾಹನ, ಪಾದಚಾರಿಗಳ ಮಾಹಿತಿಯನ್ನೂ ಹಂಚುವ ಸಾಮೂಹಿಕ ಗ್ರಹಿಕೆಯ ಸಂದೇಶಗಳನ್ನು ತಂದಿದ್ದಾರೆ. ಸಾಧನವಿಲ್ಲದವರೂ ಆಗ ಜಾಲಕ್ಕೆ ಕಾಣುತ್ತಾರೆ. ಆದರೆ ಹತ್ತು ವಾಹನಗಳು ಒಂದೇ ಪಾದಚಾರಿಯನ್ನು ಹತ್ತು ಸಲ ವರದಿ ಮಾಡಿದರೆ ನಾವು ಮತ್ತೆ ಅದೇ ದಟ್ಟಣೆಗೆ ಬರುತ್ತೇವೆ. ಯಾರು ವರದಿ ಮಾಡಬೇಕು, ಯಾರು ಸುಮ್ಮನಿರಬೇಕು ಎಂಬುದು ಪ್ರಬಂಧಕ್ಕೆ ತಕ್ಕ ಪ್ರಶ್ನೆ.

ಸಂಶೋಧನಾರ್ಥಿ

ಆ ಪ್ರಶ್ನೆಯನ್ನೇ ಕೂಡುರಸ್ತೆಯ ಸಂದರ್ಭಕ್ಕೆ ಸೀಮಿತಗೊಳಿಸಿ ಕೈಗೆತ್ತಿಕೊಳ್ಳುತ್ತೇನೆ. ಸಂಚಾರಕ್ಕೆ ಸುಮೊ, ಜಾಲಕ್ಕೆ ಓಮ್ನೆಟ್ ಮತ್ತು ವೇನ್ಸ್ ಎಂಬ ಅನುಕರಣ ತಂತ್ರಾಂಶಗಳನ್ನು ಬಳಸುವ ಯೋಚನೆಯಿದೆ. ಯಾವುದನ್ನು ಅಳೆಯಬೇಕು? ಹೆಚ್ಚಿನ ಲೇಖನಗಳು ತಲುಪಿದ ಪ್ಯಾಕೆಟ್ಟುಗಳ ಶೇಕಡಾವಾರನ್ನು ಕೊಡುತ್ತವೆ.

ತರಂಗ

ಶೇಕಡಾವಾರನ್ನು ಮಾತ್ರ ನೆಚ್ಚಬೇಡಿ. ನೂರರಲ್ಲಿ ಹತ್ತು ಪ್ಯಾಕೆಟ್ಟುಗಳು ಚದುರಿದಂತೆ ಕಳೆದರೆ ಯಾವ ಚಾಲಕನಿಗೂ ವ್ಯತ್ಯಾಸ ತಿಳಿಯದು. ಅದೇ ಹತ್ತು ಸಾಲಾಗಿ ಕಳೆದರೆ ಇಡೀ ಸೆಕೆಂಡು ಕತ್ತಲು, ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದು 28 ಮೀಟರ್. ಎರಡಕ್ಕೂ ಶೇಕಡಾವಾರು 90 ಎಂದೇ ಬರುತ್ತದೆ. ಪ್ರತಿ ಪ್ಯಾಕೆಟ್ಟಿನ ಸೋಲು ಬಿಡಿಬಿಡಿಯಾಗಿದ್ದರೆ, ಅರ್ಧದಷ್ಟು ಕಳೆಯುವ ಕೆಟ್ಟ ಚಾನೆಲ್ಲಿನಲ್ಲಿಯೂ ಹತ್ತು ಒಟ್ಟಿಗೆ ಕಳೆಯುವ ಸಾಧ್ಯತೆ 1,024ರಲ್ಲಿ ಒಂದು. ಲಾರಿಯ ಮರೆ, ಕಟ್ಟಡದ ಮೂಲೆ, ಒಂದೇ ಕಾಲಖಂಡದ ಸತತ ಡಿಕ್ಕಿ ಇವೆಲ್ಲ ಸೋಲುಗಳನ್ನು ಒಟ್ಟಿಗೆ ತರುತ್ತವೆ. ಆದ್ದರಿಂದ ಒಂದೇ ವಾಹನದಿಂದ ಬಂದ ಎರಡು ಸಂದೇಶಗಳ ನಡುವಿನ ಅಂತರವನ್ನು ಅಳೆಯಿರಿ, ಅದರ ಸರಾಸರಿಗಿಂತ ಹೆಚ್ಚಾಗಿ ಅತಿ ಉದ್ದದ ಅಂತರಗಳು ಎಷ್ಟು ಸಲ ಬರುತ್ತವೆ ಎಂಬುದನ್ನು ತೋರಿಸಿ.

ರೇಡಿಯೊ ಮಾದರಿಯಲ್ಲಿ ಕಟ್ಟಡಗಳನ್ನೂ ವಾಹನಗಳನ್ನೂ ಅಡ್ಡಿಗಳಾಗಿ ಸೇರಿಸಲೇಬೇಕು. ವೃತ್ತದೊಳಗೆ ಎಲ್ಲರಿಗೂ ಕೇಳಿಸುತ್ತದೆ, ಹೊರಗೆ ಯಾರಿಗೂ ಕೇಳಿಸದು ಎಂಬ ಸರಳ ಮಾದರಿಯಿಂದ ಕೂಡುರಸ್ತೆಯ ಬಗ್ಗೆ ಏನನ್ನೂ ಹೇಳಲಾಗದು. ಕಾರಣ ಇಷ್ಟು: ಗಂಟೆಗೆ 60 ಕಿ.ಮೀ. ವೇಗದ ವಾಹನಕ್ಕೆ, ಒಂದು ಸೆಕೆಂಡಿನ ಪ್ರತಿಕ್ರಿಯೆ ಮತ್ತು ಗಟ್ಟಿಯಾದ ಬ್ರೇಕಿಂಗ್ ಸೇರಿ, ನಿಲ್ಲಲು ಸುಮಾರು 40 ಮೀಟರ್ ಬೇಕು. ಲಂಬವಾಗಿ ಸೇರುವ ಎರಡು ರಸ್ತೆಗಳಲ್ಲಿ ಎರಡೂ ವಾಹನಗಳು ಕೂಡುಬಿಂದುವಿನಿಂದ 40 ಮೀಟರ್ ದೂರದಲ್ಲಿದ್ದಾಗ ಅವುಗಳ ನಡುವಿನ ನೇರ ಅಂತರ 57 ಮೀಟರ್ ಅಷ್ಟೇ, ಆದರೆ ಆ ನೇರದಲ್ಲಿ ಕಟ್ಟಡವಿದೆ. ತೆರೆದ ಹೆದ್ದಾರಿಯಲ್ಲಿ ಅನೇಕ ನೂರು ಮೀಟರ್ ತಲುಪುವ ಸಾಧನ ಇಲ್ಲಿ ಆ 57 ಮೀಟರನ್ನು ಪ್ರತಿಫಲನದಿಂದಲೋ ಮೂಲೆಯ ಬಾಗುವಿಕೆಯಿಂದಲೋ ದಾಟಬೇಕು. ನಿಮ್ಮ ಫಲಿತಾಂಶದ ಮೊದಲ ನಕ್ಷೆ, ವಾಹನ ಆ 40 ಮೀಟರಿನ ಗೆರೆಯನ್ನು ಮುಟ್ಟುವ ಮೊದಲು ಎದುರು ವಾಹನದ ಪರಿಶೀಲಿಸಿದ ಸಂದೇಶ ಒಂದಾದರೂ ಕೈಸೇರಿದ ಸಾಧ್ಯತೆಯನ್ನು ತೋರಿಸಲಿ. ಭದ್ರಕೀಲಿ ಅವರು ಹೇಳಿದ ಪ್ರಮಾಣಪತ್ರದ ಕಾಯುವಿಕೆಯನ್ನೂ ಅದರಲ್ಲಿ ಲೆಕ್ಕಕ್ಕೆ ಸೇರಿಸಿ, ಸಾಧನವಿರುವ ವಾಹನಗಳ ಪಾಲು ಮತ್ತು ದಟ್ಟಣೆ ಎರಡನ್ನೂ ಬದಲಿಸುತ್ತಾ ನೋಡಿ.